ದಡದ ದೀಪಗಳು

 

ದೀಪ ಅಂದರೆ ನಮಗೆ ಒಳ್ಳೆಯ ಮಾತು. ಬುದ್ಧರ ಮುಂದೆ ದಿನಾ ಹಚ್ಚುತ್ತೇವೆ. ಇವತ್ತು ಹೇಳುವುದು ಜನರ ಜೀವಕ್ಕೆ ಎರವಾದ ದೀಪಗಳ ವಿಷಯ.

1942ರ ಏಪ್ರಿಲ್ 10ರ ರಾತ್ರಿ. ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿದು ನಾಲ್ಕು ತಿಂಗಳಾಗಿತ್ತು. ಗಲ್ಫ್‌ಅಮೆರಿಕ ಎಂಬ ಹೊಸ ತೈಲ ಹಡಗು, ತನ್ನ ಮೊದಲ ಪ್ರಯಾಣದಲ್ಲೇ, ಟೆಕ್ಸಾಸ್‌ನಿಂದ ನ್ಯೂಯಾರ್ಕ್‌ಗೆ ಹೋಗುತ್ತ ಫ್ಲೋರಿಡಾದ ಜಾಕ್ಸನ್‌ವಿಲ್ ಬೀಚ್ ಎದುರು ಬಂತು. ದಡದ ಹೋಟೆಲು, ಮೋಜಿನ ತಾಣಗಳಲ್ಲಿ ದೀಪಗಳು ಝಗಝಗಿಸುತ್ತಿದ್ದವು. ಆ ಬೆಳಕಿಗೆ ಅಡ್ಡವಾಗಿ ಹಡಗಿನ ಕಪ್ಪು ಆಕಾರ ಎದ್ದು ಕಂಡಿತು. ಕತ್ತಲ ಕಡಲಿನಲ್ಲಿದ್ದ ಜರ್ಮನಿಯ ಜಲಾಂತರ್ಗಾಮಿ ಯು-123ಕ್ಕೆ ಅಷ್ಟು ಸಾಕಾಯಿತು. ಟಾರ್ಪೆಡೊ ಬಡಿದು ತೈಲ ಹೊತ್ತಿಕೊಂಡಿತು. 48 ಜನರಲ್ಲಿ 19 ಮಂದಿ ಸತ್ತರು.

ಆಮೇಲೆ ಫಿರಂಗಿ ಹಾರಿಸುವಾಗ ಕಮಾಂಡರ್ ಹಾರ್ಡೆಗೆನ್ ಜಲಾಂತರ್ಗಾಮಿಯನ್ನು ಸುತ್ತು ಹಾಕಿಸಿ ದಡದ ಕಡೆಗೆ ತಂದ. ಗುರಿ ತಪ್ಪಿದ ಗುಂಡು ಮನೆಗಳ ಮೇಲೆ ಬೀಳಬಾರದಲ್ಲ! ಅದು ಕರುಣೆಯೇ ಇರಬಹುದು. ಆದರೆ ಉರಿಯುವ ಹಡಗಿನವರೆಗೆ ಅದು ಹೋಗಲಿಲ್ಲ. ನಮ್ಮ ಮೊದಲ ಶೀಲಕ್ಕೆ ಇಂಥ ಗಡಿ ಇಲ್ಲ.

ನನ್ನನ್ನು ಹೆಚ್ಚು ಕಾಡುವವರು ದಡದ ಜನ. ಅವರಿಗೆ ಆ ನಾವಿಕರ ಮೇಲೆ ದ್ವೇಷವಿರಲಿಲ್ಲ. ಕೊಲ್ಲುವ ಚೇತನ ಇರಲಿಲ್ಲ, ನಿಜ. ಇಲ್ಲದ್ದು ಅಪ್ಪಮಾದ, ಅಂದರೆ ಎಚ್ಚರ. ನಮ್ಮ ಬೆಳಕು ಯಾರನ್ನು ಯಾರ ಕಣ್ಣಿಗೆ ತೋರಿಸಿಕೊಡುತ್ತಿದೆ ಎಂಬ ಎಚ್ಚರ.

"ನನ್ನ ಮನಸ್ಸಲ್ಲಿ ಜಾತಿ ಇಲ್ಲ" ಅನ್ನುವವರನ್ನು ಕಂಡರೆ ನನಗೆ ಆ ದಡ ನೆನಪಾಗುತ್ತದೆ. ಆದರೆ ನಾನೂ ದಡದವನೇ ಆಗಿದ್ದೆ. ಎಷ್ಟೋ ವರ್ಷ ವಿದ್ಯಾರ್ಥಿವೇತನದ ಪಟ್ಟಿಯನ್ನು ಇಡೀ ತರಗತಿಯ ಮುಂದೆ ಗಟ್ಟಿಯಾಗಿ ಓದಿ, "ಇವರೆಲ್ಲ ಎದ್ದು ನಿಲ್ಲಿ" ಅನ್ನುತ್ತಿದ್ದೆ. ನಮ್ಮ ಮಕ್ಕಳಿಗೆ ದುಡ್ಡು ಬರಲಿ ಎಂಬ ಸದುದ್ದೇಶ! ಒಂದು ವರ್ಷ ಒಬ್ಬ ಹುಡುಗಿ ಅರ್ಜಿಯನ್ನೇ ಕೊಡಲಿಲ್ಲ. ಕೇಳಿದರೆ, "ಬೇಡ ಸರ್, ಎದ್ದು ನಿಲ್ಲಬೇಕಾಗ್ತದೆ" ಅಂದಳು. ಚಿಕ್ಕಂದಿನಲ್ಲಿ ಹಾಗೆ ನಿಂತವನೇ ನಾನು. ಆದರೂ ಹೊಳೆದಿರಲಿಲ್ಲ.

ಹಡಗು ಉರಿದ ಮರುದಿನ ಫ್ಲೋರಿಡಾದ ಗವರ್ನರ್ ಕರಾವಳಿಯ ದೀಪಗಳನ್ನು ಆರಿಸಲು ಆಜ್ಞೆ ಮಾಡಿದರು. ನನಗೆ ಯಾರೂ ಆಜ್ಞೆ ಮಾಡಲಿಲ್ಲ. ಈಗ ಪಟ್ಟಿ ನನ್ನ ಮೇಜಿನ ಡ್ರಾಯರ್‌ನಲ್ಲಿರುತ್ತದೆ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಹೇಳುತ್ತೇನೆ. ಕೆಲಸಕ್ಕೆ ಎರಡು ದಿನ ಹೆಚ್ಚು ಹಿಡಿಯುತ್ತದೆ. ಹಿಡಿಯಲಿ.

ಭವತು ಸಬ್ಬ ಮಂಗಲಂ. ಜೈ ಭೀಮ್.