ತೂಗುವವರು ಒಬ್ಬರು, ತೆರುವವರು ಇನ್ನೊಬ್ಬರು



ಈಸ್ಟರ್ ಕಳೆದು ಮದುವೆಗಳು ಆರಂಭವಾದವೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ನೀವೂ ಅದನ್ನು ಕೇಳಿರುತ್ತೀರಿ, ಬಹುಶಃ ಅದರಲ್ಲಿ ಭಾಗವಹಿಸಿಯೂ ಇರುತ್ತೀರಿ. ರೋಸ್ ಮುಗಿದು, ಊಟವಾಗಿ, ಹಿರಿಯರು ಮಲಗಲು ಹೋದ ಮೇಲೆ ಅಂಗಳದಲ್ಲಿ ನಾಲ್ಕಾರು ಕುರ್ಚಿಗಳು ಹತ್ತಿರವಾಗುತ್ತವೆ. ಒಬ್ಬರು ದುಬೈಯಿಂದ ಬಂದವರು, ಇನ್ನೊಬ್ಬರು ಟೊರಾಂಟೊದಿಂದ, ಮತ್ತೊಬ್ಬರು ಲಂಡನ್ನಿನಿಂದ. ‘ತೆರಿಗೆ ಇಲ್ಲ, ಗಳಿಸಿದ್ದೆಲ್ಲ ಕೈಗೆ’ ಎಂದು ಮೊದಲನೆಯವರು. ‘ಮಕ್ಕಳ ಶಾಲೆಗೆ ಒಂದು ಪೈಸೆ ಕೊಟ್ಟಿಲ್ಲ, ಪಾಸ್‌ಪೋರ್ಟೂ ಸಿಕ್ಕಿತು’ ಎಂದು ಎರಡನೆಯವರು. ‘ಆಸ್ಪತ್ರೆಗೆ ಹೋದರೆ ಬಿಲ್ ಎಂಬುದೇ ಇಲ್ಲ’ ಎಂದು ಮೂರನೆಯವರು. ಮಧ್ಯರಾತ್ರಿಯಾದರೂ ಯಾವ ದೇಶ ಒಳ್ಳೆಯದು ಎಂಬುದು ತೀರ್ಮಾನವಾಗುವುದಿಲ್ಲ.

ಹೇಗೆ ತೀರ್ಮಾನವಾದೀತು? ಒಬ್ಬರು ಸೇರಿನಲ್ಲಿ ಅಳೆಯುತ್ತಾರೆ, ಇನ್ನೊಬ್ಬರು ಮೊಳದಲ್ಲಿ. ಒಬ್ಬರ ಲೆಕ್ಕ ದುಡ್ಡಿನದು, ಒಬ್ಬರದು ಹಕ್ಕಿನದು, ಮತ್ತೊಬ್ಬರದು ಭದ್ರತೆಯದು. ಇದು ನಮ್ಮಲ್ಲಿ ಮಾತ್ರ ನಡೆಯುವ ವಾದವೂ ಅಲ್ಲ. ಕೇರಳದ, ಪಂಜಾಬಿನ, ನೇಪಾಳದ, ಶ್ರೀಲಂಕಾದ ಮನೆಗಳಲ್ಲೂ ಇದೇ ಮಾತು. ಬೇರೆ ಬೇರೆ ದೇಶಗಳಿಗೆ ಹೋದವರ ಬದುಕನ್ನು ಅಕ್ಕಪಕ್ಕ ಇಟ್ಟು ನೋಡುವುದು ಇಂದು ದಕ್ಷಿಣ ಏಷ್ಯಾದ ಮನೆಮಾತಾಗಿಬಿಟ್ಟಿದೆ. ಆ ಹೋಲಿಕೆಯನ್ನು ನಾವೂ ಒಮ್ಮೆ ಮಾಡಿ ನೋಡೋಣ. ಆದರೆ ಅಂಗಳದ ಮಾತಿನಲ್ಲಿ ಬಾರದ ಒಂದು ಪ್ರಶ್ನೆಯನ್ನು ಜೊತೆಗೆ ಇಟ್ಟುಕೊಳ್ಳೋಣ: ಪ್ರತಿಯೊಂದು ದೇಶವೂ ಕೊಡುವುದಕ್ಕೆ ಪ್ರತಿಯಾಗಿ ಏನನ್ನು ಕೇಳುತ್ತದೆ, ಮತ್ತು ಅದನ್ನು ತೆರುವವರು ಯಾರು?

ಕೊಲ್ಲಿ ರಾಷ್ಟ್ರಗಳಿಂದಲೇ ಆರಂಭಿಸೋಣ. ನಮ್ಮ ಕರಾವಳಿಯ ಎಷ್ಟೋ ಹೆಂಚಿನ ಮನೆಗಳು ತಾರಸಿ ಮನೆಗಳಾದದ್ದು, ಎಷ್ಟೋ ಅಕ್ಕತಂಗಿಯರ ಮದುವೆಗಳು ನಡೆದದ್ದು ಅಲ್ಲಿನ ಸಂಬಳದಿಂದ. ಅದನ್ನು ಹಗುರವಾಗಿ ಮಾತನಾಡುವುದು ಕೃತಘ್ನತೆ. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಆದರೆ ಅಲ್ಲಿ ನಮ್ಮವರು ಇರುವುದು ಉದ್ಯೋಗದ ಬಲದ ಮೇಲೆ; ಕೆಲಸ ಹೋದರೆ ವಾಸದ ಅನುಮತಿಯೂ ಹೋಗುತ್ತದೆ. ಮೂವತ್ತು ವರ್ಷ ದುಡಿದವರಿಗೂ ಸಾಮಾನ್ಯವಾಗಿ ಪೌರತ್ವ ಸಿಗುವುದಿಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಇಂತಿಷ್ಟು ಸಂಬಳ ಇರಲೇಬೇಕು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ 2019ರ ನಿಯಮದಂತೆ ಅದು ತಿಂಗಳಿಗೆ 4,000 ದಿರ್ಹಂ, ಅಥವಾ ವಸತಿಯ ಜೊತೆ 3,000. ಕಟ್ಟಡದ ಕೆಲಸಕ್ಕೆ, ಹೋಟೆಲಿನ ಅಡುಗೆಮನೆಗೆ ಹೋದ ಹುಡುಗನಿಗೆ ಇದು ದಾಟಲಾಗದ ಗೋಡೆ. ಸೌದಿ ಅರೇಬಿಯಾದಲ್ಲಿ 2017ರ ಜುಲೈಯಿಂದ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್. ಎಷ್ಟೋ ಮಂದಿ ಕುಟುಂಬವನ್ನು ಊರಿಗೆ ಕಳುಹಿಸಿ ತಾವು ಹಂಚಿಕೆಯ ಕೋಣೆಗೆ ಮರಳಿದರು.

ಆದರೂ ಕೊಲ್ಲಿಯ ಪರವಾಗಿ ಒಂದು ಮಾತು ಹೇಳಲೇಬೇಕು, ಟೊರಾಂಟೊದವರು ಇದನ್ನು ಮರೆಯುತ್ತಾರೆ. ದುಬೈಯಿಂದ ಮಂಗಳೂರಿಗೆ ನಾಲ್ಕು ಗಂಟೆಯೊಳಗಿನ ಹಾರಾಟ. ಬೆಳಿಗ್ಗೆ ತಾಯಿ ತೀರಿಕೊಂಡ ಸುದ್ದಿ ಬಂದರೆ ರಜೆ ಸಿಕ್ಕವನು ಸಂಜೆಯೊಳಗೆ ಮನೆ ತಲುಪಿ ಮರುದಿನ ಶವಪೆಟ್ಟಿಗೆಗೆ ಹೆಗಲು ಕೊಡಬಹುದು. ಇದನ್ನು ಯಾವ ಸಂಬಳದ ಪಟ್ಟಿಯಲ್ಲೂ ಬರೆಯುವುದಿಲ್ಲ.

ಇನ್ನು ದೂರದ ದೇಶಗಳು. ಈಚಿನ ವರ್ಷಗಳಲ್ಲಿ ತೂಕ ಆ ಕಡೆಗೆ ವಾಲುತ್ತಿದೆ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯಂತೆ 2016-17ರಲ್ಲಿ ಭಾರತಕ್ಕೆ ಹೊರಗಿನಿಂದ ಬಂದ ಹಣದಲ್ಲಿ ಕೊಲ್ಲಿಯ ಪಾಲು ನೂರಕ್ಕೆ 47ರಷ್ಟಿತ್ತು. 2023-24ರಲ್ಲಿ ಅದು 38ರ ಆಸುಪಾಸಿಗೆ ಇಳಿಯಿತು. ಅಮೆರಿಕ ಒಂದರಿಂದಲೇ ಸುಮಾರು 28 ಬಂತು. ಕೆನಡಾ 1967ರಲ್ಲಿ ಅಂಕಗಳ ಪದ್ಧತಿಯನ್ನು ತಂದು, ಬಣ್ಣ ಜನಾಂಗ ನೋಡದೆ ವಿದ್ಯೆ, ವಯಸ್ಸು, ಭಾಷೆ ನೋಡಿ ಜನರನ್ನು ಕರೆಯತೊಡಗಿತು. ಅಲ್ಲಿ ಕಾಯಂ ವಾಸದ ಹಕ್ಕು ಪಡೆದವರು ಐದು ವರ್ಷಗಳಲ್ಲಿ 1,095 ದಿನ ಅಲ್ಲಿ ಇದ್ದರೆ ಪೌರತ್ವ ಕೇಳಬಹುದು. ನಾಳೆ ಕೆಲಸ ಹೋದರೂ ಹೊರಗೆ ಹೋಗೆಂದು ಯಾರೂ ಹೇಳುವುದಿಲ್ಲ. ಇದು ದೊಡ್ಡ ಕೊಡುಗೆ.

ಅದು ಕೇಳುವ ಬೆಲೆ ಬೇರೆ ತರಹದ್ದು. ಊರಿನಲ್ಲಿ ಹತ್ತು ವರ್ಷ ಎಂಜಿನಿಯರಾಗಿದ್ದವರು ಅಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವುದನ್ನು, ಹಿರಿಯ ನರ್ಸ್ ಆಗಿದ್ದವರು ಪರವಾನಗಿ ಸಿಗುವ ತನಕ ಸಹಾಯಕಿಯಾಗಿ ದುಡಿಯುವುದನ್ನು ನೀವು ಕೇಳಿರಬಹುದು. ‘ಕೆನಡಾದ ಅನುಭವ ಇದೆಯೇ?’ ಎಂಬ ಒಂದೇ ಪ್ರಶ್ನೆಗೆ ಎಷ್ಟೋ ಅರ್ಜಿಗಳು ಮುಗಿದುಹೋಗುತ್ತಿದ್ದವು. ಹೀಗೆ ಕಟ್ಟುನಿಟ್ಟಾಗಿ ಕೇಳುವುದು ಮೇಲ್ನೋಟಕ್ಕೇ ತಾರತಮ್ಯ ಎಂದು ಒಂಟಾರಿಯೊ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಹೇಳಬೇಕಾಯಿತು. ಮನುಷ್ಯನಿಗೆ ಅವನ ಕೆಲಸ ಕೇವಲ ಅನ್ನದ ದಾರಿಯೇ? ನಲವತ್ತರ ವಯಸ್ಸಿನಲ್ಲಿ ತನ್ನ ವಿದ್ಯೆಯನ್ನು ಬದಿಗಿಟ್ಟ ತಂದೆ ‘ಮಕ್ಕಳಿಗಾಗಿ’ ಎನ್ನುತ್ತಾನೆ. ಆ ಮಕ್ಕಳು ದೊಡ್ಡವರಾಗಿ ‘ನಾವು ಕೇಳಿದ್ದೆವಾ?’ ಎಂದರೆ ಅದು ಒರಟು ಮಾತು ನಿಜ. ಆದರೆ ಆ ಪ್ರಶ್ನೆಯಲ್ಲಿ ನ್ಯಾಯವೇ ಇಲ್ಲವೆನ್ನಲಾಗದು. ತಮ್ಮನ್ನು ಕೇಳದೆ ತಮ್ಮ ಹೆಸರಿನಲ್ಲಿ ಮಾಡಿದ ಸಾಲವನ್ನು ಅವರು ಜೀವನವಿಡೀ ಹೊರಬೇಕೇ?

ಅಮೆರಿಕದ ಮಾತು ಇನ್ನೂ ವಿಚಿತ್ರ. ಉದ್ಯೋಗದ ಆಧಾರದಲ್ಲಿ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದವರಿಗೆ ನೂರಕ್ಕೆ ಏಳರ ಮಿತಿ. ಆದ್ದರಿಂದ ಭಾರತೀಯರ ಸಾಲು ದಶಕಗಳಷ್ಟು ಉದ್ದ. ಎರಡು ವರ್ಷದವಳಾಗಿದ್ದಾಗ ತಂದೆತಾಯಿಯ ಜೊತೆ ಹೋದ ಮಗಳು ಅಲ್ಲೇ ಓದಿ ಬೆಳೆಯುತ್ತಾಳೆ. ತಂದೆಯ ಸರದಿ ಬರುವ ಮೊದಲೇ 21 ತುಂಬಿತೆಂದರೆ ಅವಲಂಬಿತಳೆಂಬ ಸ್ಥಾನ ಹೋಗುತ್ತದೆ. ಬೇರೆ ವೀಸಾ ಸಿಗದಿದ್ದರೆ ತಾನು ಕಾಣದ ‘ಸ್ವದೇಶ’ಕ್ಕೆ ಹೊರಡಬೇಕು. ನಿರ್ಧಾರ ತಂದೆಯದು, ವಯಸ್ಸು ಮಗಳದು.

ಈಗ ನನಗೆ ಎಲ್ಲಕ್ಕಿಂತ ಕಷ್ಟವೆನಿಸುವ ವಿಷಯಕ್ಕೆ ಬರುತ್ತೇನೆ. ಅದು ಆರೈಕೆಯ ಕೆಲಸ. ಬ್ರಿಟನ್ 2022ರ ಫೆಬ್ರವರಿಯಲ್ಲಿ ವೃದ್ಧರ ಆರೈಕೆ ಮಾಡುವವರಿಗೆ ತನ್ನ ಆರೋಗ್ಯ ವೀಸಾದ ಬಾಗಿಲು ತೆರೆಯಿತು. ಭಾರತದಿಂದಲೂ ಬಹಳ ಮಂದಿ ಹೋದರು, ಸಾಲ ಮಾಡಿ ಹೋದವರೂ ಇದ್ದರು. 2024ರ ಮಾರ್ಚ್ 11ರಿಂದ ಹೊಸದಾಗಿ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ ಎಂದಾಯಿತು. 2025ರ ಜುಲೈ 22ಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದೇ ನಿಂತಿತು. ಮೂರೂವರೆ ವರ್ಷದೊಳಗೆ ಬಾಗಿಲು ತೆರೆದು, ಅರ್ಧ ಮುಚ್ಚಿ, ಪೂರ್ತಿ ಮುಚ್ಚಿತು. ಇಸ್ರೇಲಿನಲ್ಲಿ ನಮ್ಮ ಕರಾವಳಿಯ ಎಷ್ಟೋ ಮಂದಿ ಇದೇ ಕೆಲಸದಲ್ಲಿದ್ದಾರೆ. ಅಲ್ಲಿಗೂ ಮನೆಯವರನ್ನು ಕರೆದುಕೊಂಡು ಹೋಗಲು ಅವಕಾಶವಿಲ್ಲ.

ಇದರ ಅರ್ಥವೇನೆಂದು ಒಮ್ಮೆ ಯೋಚಿಸಿ. ಹೆಣ್ಣುಮಗಳೊಬ್ಬಳು ಬೇರೆಯವರ ತಾಯಿಗೆ ಸ್ನಾನ ಮಾಡಿಸುತ್ತಾಳೆ, ಊಟ ತಿನ್ನಿಸುತ್ತಾಳೆ, ರಾತ್ರಿ ಎದ್ದು ಹಾಸಿಗೆ ಬದಲಿಸುತ್ತಾಳೆ. ಕೆಲಸವನ್ನು ಪ್ರೀತಿಯಿಂದಲೇ ಮಾಡುತ್ತಾಳೆ. ಆ ಸಂಬಳದಿಂದ ಊರಿನಲ್ಲಿರುವ ತನ್ನ ತಾಯಿಗೆ ಹೋಮ್ ನರ್ಸನ್ನು ಇಡುತ್ತಾಳೆ. ಆ ಹೋಮ್ ನರ್ಸ್ ಇನ್ನಾವುದೋ ಜಿಲ್ಲೆಯಿಂದ ಬಂದವಳು, ಅವಳಿಗೂ ಒಂದು ಮಗುವಿದೆ, ಅದನ್ನು ಅವಳ ಅತ್ತೆ ನೋಡಿಕೊಳ್ಳುತ್ತಾರೆ. ಸರಪಳಿಯ ಪ್ರತಿ ಕೊಂಡಿಯಲ್ಲೂ ಸಂಬಳ ಇಳಿಯುತ್ತಾ ಹೋಗುತ್ತದೆ. ಕೊನೆಯ ಕೊಂಡಿಯಲ್ಲಿರುವ ಆ ಅತ್ತೆಗೆ ಸಂಬಳವೇ ಇಲ್ಲ. ಲಂಡನ್ ಒಳ್ಳೆಯದೋ ಟೆಲ್ ಅವೀವ್ ಒಳ್ಳೆಯದೋ ಎಂದು ಅಂಗಳದಲ್ಲಿ ಚರ್ಚೆಯಾಗುವಾಗ ಈ ಅತ್ತೆಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಶ್ರೀಲಂಕಾದಲ್ಲಿ 2013ರಲ್ಲಿ ಒಂದು ನಿಯಮ ಬಂತು. ಮನೆಗೆಲಸಕ್ಕೆ ಹೊರದೇಶಕ್ಕೆ ಹೋಗುವ ಹೆಂಗಸರು ತಮ್ಮ ಕುಟುಂಬದ ಕುರಿತು ವರದಿ ಸಲ್ಲಿಸಬೇಕು. ಐದು ವರ್ಷದೊಳಗಿನ ಮಗುವಿದ್ದರೆ ಹೋಗುವಂತಿಲ್ಲ. 2022ರಲ್ಲಿ ಇದನ್ನು ಸಡಿಲಿಸಿದರು. ಮಗುವಿನ ಹಿತ ಎಂಬ ಕಾರಣ ಕೇಳಲು ಚೆನ್ನಾಗಿಯೇ ಇದೆ. ಆದರೆ ಹೊರಡುವ ತಂದೆಗೆ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ! ಐದು ವರ್ಷದ ಮಗುವಿಗೆ ತಂದೆ ಬೇಡವೇ? ಪ್ರಶ್ನೆ ಸರಿಯಾದದ್ದೇ, ಕೇಳಿದ್ದು ಅರ್ಧ ಜನರನ್ನು ಮಾತ್ರ. ಅದೂ ಅಲ್ಲದೆ, ಆ ಪ್ರಶ್ನೆ ಸರಕಾರದ ಕಚೇರಿಯಲ್ಲಿ ಕೇಳುವಂಥದ್ದಲ್ಲ, ಮನೆಯಲ್ಲಿ ಕೇಳಬೇಕಾದದ್ದು ಎಂದು ನನ್ನ ಅನಿಸಿಕೆ.

‘ಹಾಗಾದರೆ ಹೋಗುವುದೇ ತಪ್ಪೆನ್ನುತ್ತೀರಾ?’ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಹೋಗದೆ ಇದ್ದರೂ ಬೆಲೆ ತೆರುವವರು ಇದ್ದಾರೆ: ಫೀಸು ಕಟ್ಟಲಾಗದೆ ಓದು ಬಿಟ್ಟ ತಮ್ಮ, ಸೊಸೈಟಿಯ ಸಾಲಕ್ಕೆ ಗದ್ದೆ ಅಡವಿಟ್ಟ ತಂದೆ. ಹಸಿದವರಿಗೆ ‘ಮನೆಯಲ್ಲೇ ಇರು’ ಎಂದು ಉಪದೇಶಿಸುವುದು ಹೊಟ್ಟೆ ತುಂಬಿದವರ ಚಟ. ವಿಶ್ವಗುರು ಎರಡನೇ ಜಾನ್ ಪಾಲರು 1981ರಲ್ಲಿ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿ ಈ ವಿಷಯಕ್ಕೆಂದೇ ಒಂದು ಭಾಗವಿದೆ. ಉತ್ತಮ ಬದುಕನ್ನು ಅರಸಿ ನಾಡು ಬಿಡುವುದು ಮನುಷ್ಯನ ಹಕ್ಕು, ಮರಳಿ ಬರುವುದೂ ಅವನ ಹಕ್ಕು ಎಂದು ಅವರು ಒಪ್ಪುತ್ತಾರೆ. ಅದರಿಂದ ಹುಟ್ಟಿದ ನಾಡಿಗೆ ನಷ್ಟವೂ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ. ನಾನು ಹೇಳುವುದು ಇಷ್ಟೇ: ಬೆಲೆ ತೆರುವವರಿಗೆ ಆ ಲೆಕ್ಕವನ್ನು ಮೊದಲೇ ತೋರಿಸಬೇಕು. ಅವರನ್ನು ಕೂರಿಸಿಕೊಳ್ಳದೆ ಮಾಡಿದ ಹೋಲಿಕೆ ಎಷ್ಟೇ ಜಾಣತನದ್ದಾದರೂ ನ್ಯಾಯದ್ದಲ್ಲ.

ಲೆಕ್ಕ ತೋರಿಸಬೇಕಾದರೆ ಲೆಕ್ಕ ನಿಜವಾಗಿರಬೇಕು. ನಮ್ಮ ತೊಂದರೆ ಇರುವುದೇ ಇಲ್ಲಿ. ರಜೆಯಲ್ಲಿ ಬಂದವರು ಚಾಕಲೇಟು, ಸೆಂಟು, ಫೋಟೋ ತರುತ್ತಾರೆ. ಕೋಣೆಯಲ್ಲಿ ಎಷ್ಟು ಮಂಚಗಳಿವೆ ಎಂದು ಹೇಳುವುದಿಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 50 ಮಂದಿ ತೀರಿಕೊಂಡರು, ಅವರಲ್ಲಿ ಹೆಚ್ಚಿನವರು ಭಾರತೀಯರು. ಪತ್ರಿಕೆಗಳಲ್ಲಿ ಆ ಕಟ್ಟಡದ ಚಿತ್ರ ನೋಡಿದ ಮೇಲೆ ನಮ್ಮಲ್ಲಿ ಎಷ್ಟು ಮಂದಿ ‘ನೀನು ಅಲ್ಲಿ ಹೇಗೆ ಮಲಗುತ್ತೀ ಮಗಾ?’ ಎಂದು ಫೋನಿನಲ್ಲಿ ವಿಚಾರಿಸಿದೆವು? ಸಂಬಳ ಎಷ್ಟೆಂದು ಕೇಳಲು ನಾಚದ ನಾವು ಇದನ್ನು ಕೇಳಲು ಏಕೆ ಹಿಂಜರಿಯುತ್ತೇವೆ?

ಆದ್ದರಿಂದ ಮುಂದಿನ ರೋಸ್‌ನಲ್ಲಿ ಅಂಗಳದ ಕುರ್ಚಿಗಳು ಹತ್ತಿರವಾದಾಗ ಬೇರೆ ಪ್ರಶ್ನೆಗಳನ್ನು ಕೇಳಿ ನೋಡಿ. ಮಕ್ಕಳ ಜೊತೆ ಕೂತು ಮಧ್ಯಾಹ್ನದ ಊಟ ಮಾಡಿ ಎಷ್ಟು ದಿನವಾಯಿತು? ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಯಾವ ಮನೆಯ ಬಾಗಿಲು ತಟ್ಟುತ್ತೀರಿ? ಬರುವ ತಿಂಗಳು ಕೆಲಸ ಹೋದರೆ ಎಲ್ಲಿರುತ್ತೀರಿ? ಹೊರಡಲು ಸಿದ್ಧವಾಗಿರುವ ಹುಡುಗ ಪಕ್ಕದಲ್ಲೇ ನಿಂತು ಕೇಳುತ್ತಿರುತ್ತಾನೆ, ಅವನ ಸಲುವಾಗಿಯಾದರೂ ಉತ್ತರಗಳು ನಿಜವಾಗಿರಲಿ.

ಇನ್ನೊಂದು ತೊಡಕಿದೆ, ಅದಕ್ಕೆ ಸುಲಭದ ಉತ್ತರ ನನಗೆ ತೋಚಿಲ್ಲ. ಮೂರು ವರ್ಷದ ಮಗುವನ್ನು ಕೇಳಲಾಗದು. ತಾಯಿಯನ್ನು ಕೇಳಬಹುದು. ಆದರೆ ನಮ್ಮ ತಾಯಂದಿರ ಉತ್ತರ ನಿಮಗೆ ಗೊತ್ತೇ ಇದೆ: ‘ಹೋಗು ಮಗಾ, ನನ್ನ ಚಿಂತೆ ಬೇಡ.’ ಇದನ್ನು ಒಪ್ಪಿಗೆ ಎಂದು ತೆಗೆದುಕೊಳ್ಳಬಹುದೇ? ಪ್ರೀತಿಸುವವರು ನಷ್ಟವನ್ನು ತಮ್ಮ ತಲೆಯ ಮೇಲೆ ಹಾಕಿಕೊಳ್ಳಲು ಸದಾ ಸಿದ್ಧರಿರುತ್ತಾರೆ. ಅವರ ‘ಆಗಲಿ’ ಎಂಬ ಮಾತನ್ನು ನಂಬುವುದು ನಮಗೆ ಬಹಳ ಅನುಕೂಲ. ಹಾಗಾಗಿ ಎರಡನೆಯ ಸಲ ಕೇಳಿ, ಈ ಬಾರಿ ದೊಡ್ಡ ಮಾತುಗಳನ್ನು ಬಿಟ್ಟು ಕೇಳಿ. ಕಣ್ಣಿನ ಆಪರೇಷನ್‌ಗೆ ಯಾರ ಜೊತೆ ಹೋಗುತ್ತೀ? ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ಮನೆಯಲ್ಲಿ ಯಾರಿರುತ್ತಾರೆ? ಆಗ ಅವರು ಸ್ವಲ್ಪ ಹೊತ್ತು ಸುಮ್ಮನಾದರೆ, ಟಿಕೆಟು ತೆಗೆಯುವುದನ್ನು ಒಂದು ವಾರ ಮುಂದಕ್ಕೆ ಹಾಕಿ, ಆ ಎರಡು ಪ್ರಶ್ನೆಗಳಿಗೆ ಏನು ಏರ್ಪಾಡು ಮಾಡಬಹುದೆಂದು ಮನೆಯವರೆಲ್ಲ ಕೂತು ಮಾತನಾಡಿ.