ಚೀಟಿ ಹೋದರೂ ಉಳಿಯುವ ಅಂಟು

ಕನ್ನಡದಲ್ಲಿ ‘ಅಂಟು’ ಎಂಬ ಒಂದೇ ಮಾತು ಮೂರು ಕಡೆ ದುಡಿಯುತ್ತದೆ. ಕಾಗದವನ್ನು ಗಾಜಿಗೆ ಹಿಡಿದಿಡುವ ಗೋಂದೂ ಅಂಟು, ಮನಸ್ಸು ಒಂದು ವಸ್ತುವಿಗೋ ವ್ಯಕ್ತಿಗೋ ಹತ್ತಿಕೊಳ್ಳುವುದೂ ಅಂಟು, ‘ಅಂಟುಮುಟ್ಟು’ ಎಂಬ ಜೋಡಿನುಡಿಯಲ್ಲಿ ಮೈಲಿಗೆಯೂ ಅಂಟು. ಬರಿದಾದ ಗಾಜಿನ ಬಾಟಲಿಯ ಚೀಟಿ ಕಿತ್ತು, ತೊಳೆದು, ಮರಳಿ ಬಳಕೆಗೆ ತರುವ ಮನೆವಾರ್ತೆಯ ಕೆಲಸದಲ್ಲಿ ಈ ಮೂರು ಅರ್ಥಗಳೂ ಒಂದೆಡೆ ಕೂಡುವುದರಿಂದ, ಭಾರತೀಯ ದರ್ಶನದ ಹಳೆಯ ಪ್ರಶ್ನೆಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಲು ಅದು ಎಡೆಮಾಡಿಕೊಡುತ್ತದೆ. ಮೇಲಿನಿಂದ ಬಂದ ಹೆಸರು ಕಳಚಿ ಬಿದ್ದ ಕ್ಷಣಕ್ಕೇ ವಸ್ತು ತನ್ನ ನಿಜಸ್ಥಿತಿಗೆ ಬಂದಂತೆಯೇ, ಅಥವಾ ಹೆಸರನ್ನು ಹಿಡಿದಿಟ್ಟಿದ್ದ ಅಂಟನ್ನು ಕಳೆಯುವುದು ಬೇರೆಯೇ ಆದ, ಇನ್ನೂ ದೀರ್ಘವಾದ ಸಾಧನೆಯೇ ಎಂಬುದು ಆ ಪ್ರಶ್ನೆ.

ಬಾಟಲಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಯಿಟ್ಟರೆ ಚೀಟಿ ತೊಯ್ದು, ಅಂಚಿನಲ್ಲಿ ಸುಕ್ಕುಗಟ್ಟಿ, ಉಗುರು ತಾಗಿಸಿದೊಡನೆ ಪದರಪದರವಾಗಿ ಏಳತೊಡಗುತ್ತದೆ. ತಣ್ಣಗಿರುವ ಗಾಜಿಗೆ ಒಮ್ಮೆಗೇ ಕುದಿನೀರು ಹೊಯ್ದರೆ ಒಂದು ಮೈ ಹಿಗ್ಗಿ ಇನ್ನೊಂದು ಹಿಗ್ಗದೆ ಅದು ಸೀಳಿಬಿಡುವುದರಿಂದ, ನೀರೂ ಗಾಜೂ ಒಟ್ಟಿಗೆ ಕಾಯಬೇಕು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಪಿಷ್ಟದಿಂದಲೋ ಹಾಲಿನ ಕೇಸೀನ್ ಎಂಬ ಪ್ರೋಟೀನಿನಿಂದಲೋ ಮಾಡಿದ ಗೋಂದಾದರೆ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಕಾಗದದ ಜೊತೆಗೇ ಬಿಟ್ಟುಹೋಗುತ್ತದೆ. ಆದರೆ ಈಗಿನ ಬಹಳಷ್ಟು ಚೀಟಿಗಳಿಗೆ ಬಳಸುವುದು ಅಕ್ರಿಲಿಕ್ ಅಥವಾ ರಬ್ಬರ್ ಮೂಲದ, ಒತ್ತಿದ ಮಾತ್ರಕ್ಕೆ ಹಿಡಿಯುವ ಅಂಟನ್ನು. ಅದು ನೀರಿಗೆ ಕರಗುವುದಿಲ್ಲ. ಕಾಗದವೆಲ್ಲ ಹೋದ ಮೇಲೂ ಜಿಗುಟಾದ ಒಂದು ಪದರ ಗಾಜಿನ ಮೇಲೆ ಉಳಿದು, ಉಜ್ಜಿದಷ್ಟೂ ಸುರುಳಿಸುರುಳಿಯಾಗಿ ಸರಿದು ಬೆರಳಿಗೆ ಹತ್ತುತ್ತದೆ, ಹಾಗೇ ಬಿಟ್ಟರೆ ಧೂಳು ಹಿಡಿದು ಕಪ್ಪಾಗುತ್ತದೆ. ಓದುವುದಕ್ಕೆ ಒಂದಕ್ಷರವೂ ಉಳಿದಿರುವುದಿಲ್ಲ, ಆದರೂ ಚೀಟಿ ಎಲ್ಲಿತ್ತು, ಎಷ್ಟು ಅಗಲವಿತ್ತು ಎಂಬುದನ್ನು ಆ ಕಪ್ಪು ಚೌಕ ಅಂಚುಸಹಿತ ತೋರಿಸುತ್ತಿರುತ್ತದೆ.

ಇಂಥ ಅಂಟಿಗೆ ಎಣ್ಣೆಯೇ ಮದ್ದು. ಕೊಬ್ಬರಿ ಎಣ್ಣೆಯಲ್ಲಿ ಅಡುಗೆ ಸೋಡಾ ಕಲಸಿ ಬಳಿದು ಒಂದೆರಡು ತಾಸು ಬಿಟ್ಟರೆ, ಎಣ್ಣೆ ಜಿಗುಟಿನೊಳಕ್ಕೆ ಇಳಿದು ಗಾಜಿನ ಮೇಲಿನ ಅದರ ಹಿಡಿತವನ್ನು ಸಡಿಲಿಸುತ್ತದೆ, ಸೋಡಾದ ನುಣುಪು ಹರಳು ಗಾಜನ್ನು ಗೀರದೆ ಅದನ್ನು ಉಜ್ಜಿ ತೆಗೆಯುತ್ತದೆ. ಸಂಸ್ಕೃತದಲ್ಲಿ ‘ಸ್ನೇಹ’ ಎಂದರೆ ಎಣ್ಣೆಯೂ ಹೌದು, ಅಕ್ಕರೆಯೂ ಹೌದು. ಅಂಟನ್ನು ಬಿಡಿಸಲು ಬಂದದ್ದು ತಾನೇ ಇನ್ನೊಂದು ಬಗೆಯ ಅಂಟು ಎಂಬುದನ್ನು ಆ ಪದ ಮೊದಲೇ ಬಲ್ಲದು. ಆದ್ದರಿಂದ ಎಣ್ಣೆಯನ್ನೂ ಸಾಬೂನಿನಿಂದ ತೆಗೆಯಬೇಕು, ಸಾಬೂನನ್ನು ನೀರಿನಿಂದ ಕಳೆಯಬೇಕು. ಶಂಕರಾಚಾರ್ಯರದೆಂದು ಪ್ರಸಿದ್ಧವಾದ ‘ಆತ್ಮಬೋಧ’ದಲ್ಲಿ ಇದಕ್ಕೆ ಹೊಂದುವ ದೃಷ್ಟಾಂತವೊಂದಿದೆ. ಕಲಕಿದ ನೀರನ್ನು ತಿಳಿಗೊಳಿಸಲು ಹಾಕುವ ಕತಕ ಬೀಜದ, ಎಂದರೆ ಚಿಲ್ಲದ ಬೀಜದ ಪುಡಿ, ಕೆಸರನ್ನು ತಳಕ್ಕೆ ಇಳಿಸಿ ತಾನೂ ಅದರೊಡನೆ ಇಳಿದುಹೋಗುವಂತೆ, ಅಜ್ಞಾನವನ್ನು ಕಳೆದ ಜ್ಞಾನವೂ ಕೊನೆಗೆ ತಾನಾಗಿ ಇಲ್ಲವಾಗುತ್ತದೆ ಎಂಬುದು ಅದರ ತಾತ್ಪರ್ಯ.

ಅದ್ವೈತ ಗ್ರಂಥಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ದೃಷ್ಟಾಂತ ಮಾತ್ರ ಬೇರೆ, ಅದು ಸ್ಫಟಿಕ ಮತ್ತು ದಾಸವಾಳದ್ದು. ಕೆಂಪು ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ಕಾಣುತ್ತದೆ, ಹೂವನ್ನು ಸರಿಸಿದರೆ ಬಿಳಿದಾಗುತ್ತದೆ. ಹತ್ತಿರ ಇದ್ದ ಮಾತ್ರಕ್ಕೆ ತನ್ನ ಗುಣವನ್ನು ಮತ್ತೊಂದರಲ್ಲಿ ತೋರುವಂತೆ ಮಾಡುವ ಇಂಥದಕ್ಕೆ ‘ಉಪಾಧಿ’ ಎಂದು ಹೆಸರು. ಹೂವು ಸರಿದ ಮೇಲೆ ಸ್ಫಟಿಕವನ್ನು ಯಾರೂ ತೊಳೆಯಬೇಕಿಲ್ಲ, ಏಕೆಂದರೆ ಕೆಂಪು ಅದಕ್ಕೆ ಎಂದೂ ಹತ್ತಿರಲಿಲ್ಲ. ಆತ್ಮದ ಸ್ವರೂಪವನ್ನು ಹೇಳುವಾಗ ಈ ದೃಷ್ಟಾಂತ ನಿರ್ದುಷ್ಟವಾಗಿದೆ, ಆದರೆ ಬದುಕುತ್ತಿರುವ ಮನುಷ್ಯನ ಅನುಭವವನ್ನು ಹೇಳುವಾಗ ಸಾಲದಾಗುತ್ತದೆ. ತಿಳಿದ ಮೇಲೂ ಸಿಟ್ಟು ಬರುತ್ತದೆ, ಬಿಟ್ಟೆನೆಂದ ಮೇಲೂ ಬಯಕೆ ಮರಳುತ್ತದೆ. ಚೀಟಿ ಹೋದರೂ ಕಪ್ಪು ಚೌಕ ಉಳಿದಿರುತ್ತದೆ.

ಈ ಕೊರತೆ ಅದ್ವೈತಿಗಳ ಕಣ್ಣಿಗೆ ಬೀಳದೆ ಹೋಗಲಿಲ್ಲ. ಜ್ಞಾನದಿಂದ ಅವಿದ್ಯೆ ನಾಶವಾದೊಡನೆ ಅದರ ಕಾರ್ಯವಾದ ದೇಹವೂ ಬೀಳಬೇಕಲ್ಲ, ಜ್ಞಾನಿ ಹೇಗೆ ಬದುಕಿರುತ್ತಾನೆ ಎಂಬ ಆಕ್ಷೇಪಕ್ಕೆ ಅವರು ‘ಅವಿದ್ಯಾಲೇಶ’ ಎಂಬ ಕಲ್ಪನೆಯಿಂದ ಉತ್ತರ ಕೊಟ್ಟರು. ಲೇಶ ಎಂದರೆ ಅಳಿದುದರ ಉಳಿದ ತುಣುಕು. 16ನೆಯ ಶತಮಾನದ ಅಪ್ಪಯ್ಯ ದೀಕ್ಷಿತರು ‘ಸಿದ್ಧಾಂತಲೇಶಸಂಗ್ರಹ’ದಲ್ಲಿ ಈ ಬಗ್ಗೆ ಹಲವು ಮತಗಳನ್ನು ಕಲೆಹಾಕುವಾಗ, ಬೆಳ್ಳುಳ್ಳಿಯಿಟ್ಟ ಪಾತ್ರೆಯನ್ನು ತೊಳೆದ ಮೇಲೂ ಅದರಲ್ಲಿ ಉಳಿಯುವ ಬೆಳ್ಳುಳ್ಳಿಯ ನಾತದ ಹಾಗೆ ಅದೊಂದು ಸಂಸ್ಕಾರ ಎನ್ನುವವರ ಮಾತನ್ನೂ ದಾಖಲಿಸುತ್ತಾರೆ. ಶಾಸ್ತ್ರದ ಅಷ್ಟು ಸೂಕ್ಷ್ಮವಾದ ಚರ್ಚೆಗೆ ನೆರವಾದದ್ದು ಪಾತ್ರೆ ತೊಳೆಯುವವರ ದಿನದಿನದ ಅನುಭವ ಎಂಬುದು ಸಣ್ಣ ಸಂಗತಿಯಲ್ಲ. ‘ವಾಸನೆ’ ಎಂಬ ಪದವೂ, ಮೂಗಿಗೆ ತಾಗುವ ಗಂಧ ಮತ್ತು ಮನಸ್ಸಿನಲ್ಲಿ ಉಳಿದ ಹಳೆಯ ಒಲವು ಎಂಬ ಎರಡರ್ಥಗಳನ್ನು ಹೊತ್ತು, ಅದೇ ಅನುಭವದ ಬಳಿಯೇ ನಿಂತಿದೆ.

ಹಾಗಾದರೆ ಆ ವಾಸನೆ ಹೋಗುವುದು ಹೇಗೆ? ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಕುಂಬಾರನ ತಿಗರಿಯ ಉದಾಹರಣೆ ಕೊಡುತ್ತಾರೆ: ಒಮ್ಮೆ ತಿರುಗಿಸಿ ಬಿಟ್ಟ ತಿಗರಿ ವೇಗ ತೀರುವವರೆಗೆ ತಿರುಗಿ ತಾನೇ ನಿಲ್ಲುವಂತೆ, ಫಲ ಕೊಡಲು ತೊಡಗಿದ ಕರ್ಮ ಅನುಭವಿಸಿಯೇ ತೀರುತ್ತದೆ. 14ನೆಯ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರು ತಿಗರಿ ನಿಲ್ಲುವುದನ್ನು ಕಾಯುತ್ತ ಕೂರಲು ಒಪ್ಪುವುದಿಲ್ಲ. ‘ಜೀವನ್ಮುಕ್ತಿವಿವೇಕ’ದಲ್ಲಿ ಅವರು ತತ್ತ್ವಜ್ಞಾನ, ಮನೋನಾಶ, ವಾಸನಾಕ್ಷಯ ಎಂಬ ಮೂರನ್ನೂ ಒಟ್ಟಿಗೆ ಅಭ್ಯಾಸ ಮಾಡಬೇಕೆನ್ನುತ್ತಾರೆ, ಎಂದರೆ ತಿಳಿವಿನ ಜೊತೆಗೆ ಮನಸ್ಸಿನ ಅಲೆಗಳು ಅಡಗಬೇಕು, ಹಳೆಯ ಒಲವಿನ ಅಂಟು ಸವೆಯಬೇಕು. ಬರಿಯ ತಿಳಿವು ಸಾಲದು ಎಂಬುದಕ್ಕೆ ಅವರು ಉಪನಿಷತ್ತಿನ ಋಷಿ ಯಾಜ್ಞವಲ್ಕ್ಯನಂಥವನನ್ನೇ ನಿದರ್ಶನವಾಗಿ ತೆಗೆದುಕೊಳ್ಳುತ್ತಾರೆ. ಬ್ರಹ್ಮಜ್ಞಾನಿಯಾಗಿದ್ದೂ ಅವನು ಜನಕರಾಜನ ಸಭೆಯಲ್ಲಿ ಗೆಲ್ಲುವ ಹಟದಿಂದ ವಾದಿಸಿ ಎದುರಾಳಿ ಶಾಕಲ್ಯನ ಸಾವಿಗೆ ಕಾರಣನಾದನೆಂದೂ, ಜ್ಞಾನದ ಜೊತೆಯಲ್ಲೇ ಮಲಿನವಾದ ವಾಸನೆ ಉಳಿದಿತ್ತೆಂದೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ತಮ್ಮ ಪರಂಪರೆಯ ಮೂಲಪುರುಷರಲ್ಲಿ ಒಬ್ಬನ ಮೈಮೇಲಿನ ಜಿಗುಟನ್ನು ಬೆರಳಿಟ್ಟು ತೋರಿಸುವ ಈ ಪ್ರಾಮಾಣಿಕತೆಯೇ ವಿದ್ಯಾರಣ್ಯರ ಪಕ್ಷಕ್ಕೆ ಹೆಚ್ಚಿನ ತೂಕ ತಂದುಕೊಡುತ್ತದೆ.

ಬಾಟಲಿಗೆ ಇನ್ನೊಂದು ದಾರಿಯೂ ಇದೆ. ಅದನ್ನು ಒಡೆದು, ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಗೆ ಹಾಕಿದರೆ ಚೀಟಿ, ಅಂಟು, ನಾತ ಎಲ್ಲವೂ ಸುಟ್ಟುಹೋಗುತ್ತವೆ, ಆದರೆ ಬಾಟಲಿಯೂ ಉಳಿಯುವುದಿಲ್ಲ. ದೇಹ ಬಿದ್ದ ಮೇಲೆ ದೊರೆಯುವ ‘ವಿದೇಹಮುಕ್ತಿ’ಗೂ, ದೇಹವಿರುವಾಗಲೇ ದೊರೆಯುವ ‘ಜೀವನ್ಮುಕ್ತಿ’ಗೂ ಇರುವ ಅಂತರವನ್ನು ಇಲ್ಲಿ ಕಾಣಬಹುದು. ಕರಗಿಸುವುದಕ್ಕೆ ತಾಳ್ಮೆ ಬೇಡ, ಬೆಂಕಿ ಸಾಕು. ಬಾಟಲಿಯನ್ನು ಬಾಟಲಿಯಾಗಿಯೇ ಉಳಿಸಿಕೊಂಡು ಅಂಟನ್ನಷ್ಟೇ ಕಳೆಯುವವರಿಗೆ ಮಾತ್ರ ಎಣ್ಣೆ, ಸಾಬೂನು, ಬೆರಳು, ಹೊತ್ತು ಎಲ್ಲವೂ ಬೇಕಾಗುತ್ತವೆ.

ತೊಳೆಯುವುದು ಎಲ್ಲಿಗೆ ಮುಗಿಯಿತು ಎಂಬುದಕ್ಕೆ ಧರ್ಮಶಾಸ್ತ್ರದಲ್ಲಿ ಸ್ಪಷ್ಟವಾದ ಅಳತೆಗೋಲಿದೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಬರುವ ‘ದ್ರವ್ಯಶುದ್ಧಿ’ಯ, ಎಂದರೆ ವಸ್ತುಗಳನ್ನು ಶುಚಿಗೊಳಿಸುವ ವಿಧಾನದ ಪ್ರಕರಣದಂತೆ, ಕೊಳೆಯಿಂದ ಬಂದ ಗಂಧವೂ ಲೇಪವೂ ಹೋಗುವವರೆಗೆ ಮಣ್ಣು ನೀರು ಬಳಸಿ ತೊಳೆಯಬೇಕು, ಲೇಪವೇ ಇಲ್ಲದ ಬಂಗಾರದ ಪಾತ್ರೆಗೆ ಬರಿಯ ನೀರು ಸಾಕು. ಲೇಪ ಎಂದರೆ ಮೇಲೆ ಮೆತ್ತಿಕೊಂಡದ್ದು. ‘ನಿರ್ಲೇಪ’ ಎಂಬ ವೇದಾಂತದ ದೊಡ್ಡ ಪದ ಇಲ್ಲಿ ಪಾತ್ರೆಯ ವಿಶೇಷಣ. ಗಾಜಿನಲ್ಲಿ ಇದನ್ನು ಪರೀಕ್ಷಿಸುವುದು ಸುಲಭ: ಮೇಲೆ ನೀರು ಹರಿಸಿದಾಗ ಜಿಡ್ಡಿಲ್ಲದ ಕಡೆ ಅದು ತೆಳುವಾದ ಹಾಳೆಯಂತೆ ಹರಡುತ್ತದೆ, ಜಿಡ್ಡು ಉಳಿದ ಕಡೆ ಹನಿಹನಿಯಾಗಿ ಒಡೆಯುತ್ತದೆ. ಆದರೆ ಅದೇ ಗ್ರಂಥ ಚಂಡಾಲನೆಂದು ಹೆಸರಿಟ್ಟ ಮನುಷ್ಯನ ಬಳಿ ಬಂದಾಗ, ಅವನನ್ನು ಮುಟ್ಟಿದವರಿಗೆ ಸ್ನಾನದಿಂದ ಶುದ್ಧಿಯನ್ನು ಹೇಳುತ್ತದೆಯೇ ಹೊರತು ಅವನಿಗೆ ಈ ಅಳತೆಗೋಲನ್ನು ಹಿಡಿಯುವುದಿಲ್ಲ. ಗಂಧವೂ ಇಲ್ಲದ, ಲೇಪವೂ ಇಲ್ಲದ ಮನುಷ್ಯನ ಮೇಲೆ ಹೊರಿಸಿದ ಮೈಲಿಗೆಗೆ ಕೊನೆಯನ್ನೇ ಇಡದ ಈ ಶಾಸ್ತ್ರ ತನ್ನದೇ ತರ್ಕಕ್ಕೆ ದ್ರೋಹ ಬಗೆದಿದೆ.

ಅಂಟು ಪಾತ್ರೆಯಲ್ಲಿಲ್ಲದೆ ಕರೆಯುವವರ ನಾಲಗೆಯಲ್ಲಿ ಉಳಿಯುವುದೂ ಉಂಟು. ಕನ್ನಡದ ಅಡುಗೆಮನೆಗಳಲ್ಲಿ ಚೀಟಿ ಹೋಗಿ ಎಷ್ಟೋ ಕಾಲವಾದ ಮೇಲೂ, ಒಳಗೆ ಸಾಸಿವೆ ತುಂಬಿದ ಮೇಲೂ, ಅದು ‘ಹಾರ್ಲಿಕ್ಸ್ ಬಾಟಲಿ’ಯೇ. ಬಾಟಲಿಗೆ ಇದರಿಂದ ಯಾವ ನೋವೂ ಇಲ್ಲ, ಮನುಷ್ಯರಿಗೆ ಇದೆ. 12ನೆಯ ಶತಮಾನದ ಶರಣರು ಮನುಷ್ಯರಿಗೆ ಅಂಟಿದ ಹೆಸರನ್ನು ಕಳೆಯಲು ಹೊರಟಾಗ, ಹೆಸರು ಕರೆಯುವವರ ನಾಲಗೆಯಲ್ಲೂ ಉಳಿಯುತ್ತದೆಂದು ಅರಿತೇ ಎರಡು ಕಟ್ಟಳೆ ಮಾಡಿಕೊಂಡಿದ್ದರು: ದೀಕ್ಷೆ ಪಡೆದವರು ‘ಪೂರ್ವಾಶ್ರಯ’ವನ್ನು, ಎಂದರೆ ಹಿಂದಿನ ಜಾತಿಯ ನೆಲೆಯನ್ನು ಬಿಡಬೇಕು, ಉಳಿದವರು ಅದನ್ನು ಕೇಳಕೂಡದು. ಮೊದಲನೆಯದು ಚೀಟಿಗೆ, ಎರಡನೆಯದು ಅಂಟಿಗೆ. ಶರಣಕಥನಗಳ ಪ್ರಕಾರ, ಸಮಗಾರರಾಗಿದ್ದ ಹರಳಯ್ಯನವರ ಮಗನಿಗೆ ಬ್ರಾಹ್ಮಣರಾಗಿದ್ದ ಮಧುವರಸರ ಮಗಳನ್ನು ಕೊಟ್ಟು ಮದುವೆ ನಡೆದಾಗ, ದೊರೆ ಬಿಜ್ಜಳನ ಆಜ್ಞೆಯಂತೆ ಇಬ್ಬರು ತಂದೆಯರಿಗೂ ಎಳೆಹೂಟೆಯ, ಎಂದರೆ ಕಟ್ಟಿ ಎಳೆಸಿ ಕೊಲ್ಲುವ ಶಿಕ್ಷೆಯಾಯಿತು. ಆ ಎರಡು ಮನೆಗಳವರು ದೀಕ್ಷೆಯಲ್ಲಿ ಬಿಟ್ಟುಬಂದಿದ್ದ ಹಳೆಯ ಹೆಸರುಗಳು, ವರ್ಣಸಂಕರವಾಯಿತೆಂದು ಅರಮನೆಗೆ ದೂರು ಕೊಂಡೊಯ್ದವರಿಗೆ ಅಂಚುಸಹಿತ ನೆನಪಿದ್ದವು.