ಹೆಸರಿನ ಮುಂದಿನ ಕಾಯಕ

"ನೀವು ನೌಕರಿ ಬಿಟ್ಟೀರೇನ್ರಿ, ಸರ್?"

ಔರಾದ್ ಕಡೆಯ ಒಬ್ಬ ರೈತರು ಬೀದರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಕೇಳಿದ ಪ್ರಶ್ನೆ ಇದು. ಸಿಟ್ಟಿನಿಂದ ಕೇಳಲಿಲ್ಲ. ಬಸ್ಸು ಎಷ್ಟಕ್ಕೆ ಅದ ಅಂತ ಕೇಳಿದಷ್ಟೇ ಸಹಜವಾಗಿ ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಹೇಳಲಿಕ್ಕೆ ಬಾಯಿ ಬರಲಿಲ್ಲ.

ವಿಷಯ ಹೇಳಿಬಿಡ್ತೀನಿ. ನಾನು ಭಾಲ್ಕಿಯಲ್ಲಿ ಮೇಷ್ಟ್ರು. ದಿನಾ ಬೀದರಿನಿಂದ ಹೋಗಿ ಬರ್ತೀನಿ. ಬಸ್ಸಿನಲ್ಲಿ ಸಿಗುವ ಒಂದು ತಾಸಿನಲ್ಲಿ ಮೊಬೈಲಿನಲ್ಲೇ ಬ್ಲಾಗಿಗೆ ಬರೆಯುವ ಚಟ ಹತ್ತಿತು. ಬರೆದದ್ದೆಲ್ಲ ವ್ಯಕ್ತಿತ್ವ ವಿಕಸನ: ನಸುಕಿನಲ್ಲಿ ಏಳುವುದು ಹೇಗೆ, ಭಯ ಗೆಲ್ಲುವುದು ಹೇಗೆ, ಸಮಯ ಉಳಿಸುವುದು ಹೇಗೆ. ಮೊದಲು ಹತ್ತು ಮಂದಿ ಓದುತ್ತಿದ್ದರು, ಆಮೇಲೆ ಸಾವಿರ ಮಂದಿ. ಅಲ್ಲಿ ಇಲ್ಲಿ ಭಾಷಣಕ್ಕೆ ಕರೆದರು, ಶಾಲು ಹೊದಿಸಿದರು. ನಾನೂ ದೊಡ್ಡವನಾದೆ ಅಂದುಕೊಂಡೆ.

ಒಂದು ಸಲ "ಸಣ್ಣ ನೌಕರಿ ದೊಡ್ಡ ಕನಸನ್ನು ಕೊಲ್ಲುತ್ತದೆ" ಅಂತ ಬರೆದೆ. ದಡದಲ್ಲಿ ನಿಂತವನಿಗೆ ಈಜು ಬರೋದಿಲ್ಲ, ಇವತ್ತೇ ಜಿಗಿಯಿರಿ, ಅಂತೆಲ್ಲ ಅದರಲ್ಲಿತ್ತು. ಬಹಳ ಮಂದಿ ಹಂಚಿಕೊಂಡರು. ಅದನ್ನ ಓದಿ ಈ ರೈತರ ಮಗ ಹೈದರಾಬಾದಿನಲ್ಲಿ ಇದ್ದ ಕಂಪ್ಯೂಟರ್ ಕೆಲಸ ಬಿಟ್ಟು ಊರಿಗೆ ಬಂದ. ವಿಡಿಯೋ ಮಾಡಿ ಹೆಸರು ಗಳಿಸೋದು ಅವನ ಕನಸು. ಕ್ಯಾಮೆರಾಕ್ಕೆ ಒಂದು ಎಮ್ಮೆ ಹೋಯಿತು. ಎಂಟು ತಿಂಗಳಾದರೂ ಒಂದು ರೂಪಾಯಿ ಬರಲಿಲ್ಲ. ಆ ವರ್ಷ ಮಳೆ ಹೆಚ್ಚಾಗಿ ಉದ್ದು, ಹೆಸರು ಹೊಲದಲ್ಲೇ ಕೊಳೆತವು. ಆಗ ಅಪ್ಪ ವಿಳಾಸ ಹುಡುಕಿಕೊಂಡು ಬಂದರು. ಜಗಳಕ್ಕಲ್ಲ. "ನೀವು ಹೇಳಿದ್ರ ಕೇಳ್ತಾನ್ರೀ, ನೌಕರಿಗಿ ಹೋಗು ಅಂತ ಒಂದ್ ಮಾತ್ ಹೇಳ್ರಿ" ಅನ್ನಲಿಕ್ಕೆ. ಅದಕ್ಕೂ ಮೊದಲು ಆ ಒಂದು ಪ್ರಶ್ನೆ ಕೇಳಿದರು.

ನಾನು ನೌಕರಿ ಬಿಟ್ಟಿರಲಿಲ್ಲ. ಬಿಡುವ ವಿಚಾರವೂ ಇರಲಿಲ್ಲ. ತಿಂಗಳು ತಿಂಗಳು ಪಗಾರ ಬರುವ ಮನುಷ್ಯ, ಬಸ್ಸಿನ ಕಿಟಕಿ ಪಕ್ಕ ಕೂತು, ಕಂಡವರಿಗೆಲ್ಲ ನೀರಿಗೆ ಜಿಗಿಯಿರಿ ಅಂದಿದ್ದೆ.

ಅವರು ಹೋದ ಮೇಲೆ ನನಗೆ ಕಾಡಿದ್ದು ಇದು: ತಾನು ಮಾಡದ್ದನ್ನು ಇನ್ನೊಬ್ಬರಿಗೆ ಹೇಳಬಹುದೇ?

ಹೇಳಬಹುದು ಅನ್ನಲಿಕ್ಕೆ ಕಾರಣ ಉಂಟು. ಬೀಡಿ ಸೇದುವ ಡಾಕ್ಟರು ಬೀಡಿ ಬಿಡು ಅಂದರೆ ಆ ಮಾತು ಸುಳ್ಳಾಗೋದಿಲ್ಲ. ನಮ್ಮೂರಿನ ಬಿದ್ರಿ ಕೆಲಸವನ್ನೇ ನೋಡಿ. ಸತುವು, ತಾಮ್ರ ಕರಗಿಸಿ ಎರಕ ಹೊಯ್ದು, ಅದರಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪೇರಿಸುತ್ತಾರೆ. ಈ ಕಲೆಗೆ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಒಂದು ಹೂದಾನಿ ಕೊಳ್ಳುವಾಗ ಅದನ್ನು ಮಾಡಿದವನು ಎಷ್ಟಕ್ಕೆ ಏಳ್ತಾನೆ ಅಂತ ಯಾರೂ ಕೇಳೋದಿಲ್ಲ. ಕೆಲಸ ಚೊಕ್ಕ ಇದ್ದರೆ ಸಾಕು. ಹಾಗಾದರೆ ಉಪದೇಶವೂ ಒಂದು ಕಸುಬು, ಮಾತು ಚೊಕ್ಕ ಇದ್ದರೆ ಸಾಕು ಅಂತ ನಾನು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ.

ಆದರೆ ಡಾಕ್ಟರು ಹೇಳೋದು ಪುಪ್ಪುಸದ ಬಗ್ಗೆ. ಅದು ಯಾರು ಹೇಳಿದರೂ ಅಷ್ಟೇ ನಿಜ. "ಜಿಗಿಯಿರಿ, ಏನೂ ಆಗೋದಿಲ್ಲ" ಅನ್ನುವುದು ಹಾಗಲ್ಲ. ಅದರೊಳಗೆ ಇನ್ನೊಂದು ಮಾತು ಅಡಗಿದೆ: ನಾನು ಜಿಗಿದು ನೋಡಿದ್ದೇನೆ ಅಂತ. ಅದು ಉಪದೇಶ ಅಲ್ಲ, ಸಾಕ್ಷಿ. ಬಾಯಿಬಿಟ್ಟು ಹೇಳದಿದ್ದರೂ ನಾನು ಆ ಸಾಕ್ಷಿ ನುಡಿದಿದ್ದೆ. ಅದು ಸುಳ್ಳು ಸಾಕ್ಷಿ.

ಈ ಬರವಣಿಗೆ ಹೊಸದೇನಲ್ಲ. ಸ್ಯಾಮ್ಯುಯೆಲ್ ಸ್ಮೈಲ್ಸ್ ಅವರ 'ಸೆಲ್ಫ್ ಹೆಲ್ಪ್' ಬಂದದ್ದು 1859ರಲ್ಲಿ. ಕನ್ನಡದಲ್ಲಿ ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಎಷ್ಟೋ ಮನೆಗಳಲ್ಲಿದೆ. ಬ್ಲಾಗಿನ ಕಾಲದಲ್ಲಿ ನನಗೆ ಹಿಡಿಸಿದವರು ಗುವಾಮ್ ದ್ವೀಪದ ಲಿಯೋ ಬಬೌಟಾ. 2005ರಲ್ಲಿ ಸಿಗರೇಟು ಬಿಟ್ಟರು, ಆಮೇಲೆ ಓಡಲು ಕಲಿತರು, ಸಾಲ ತೀರಿಸಿದರು. 2007ರಲ್ಲಿ 'ಝೆನ್ ಹ್ಯಾಬಿಟ್ಸ್' ಅಂತ ಬ್ಲಾಗು ಶುರು ಮಾಡಿ ಅದನ್ನೇ ಬರೆದರು. ಮರುವರ್ಷ, ನನ್ನ ಬರಹ ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಹಕ್ಕನ್ನೇ ಬಿಟ್ಟುಕೊಟ್ಟರು. ಅವರ ಎಲ್ಲ ಮಾತೂ ಒಪ್ಪಬೇಕು ಅಂತಿಲ್ಲ. ಆದರೆ ಅವರು ಬಿಟ್ಟ ಸಿಗರೇಟನ್ನೇ ಬಿಡು ಅಂದರು. ನಾನು ಬಿಡದ ನೌಕರಿಯನ್ನು ಬಿಡು ಅಂದೆ.

ಹಾಗಂತ ಹೊರಗೊಂದು ಒಳಗೊಂದು ಇದ್ದದ್ದೆಲ್ಲ ಕಪಟವೇ? ಭಾಲ್ಕಿಯಲ್ಲಿ ಕೆಲಸ ಮಾಡುವವನು ಈ ಮಾತು ಸುಮ್ಮನೆ ಒಪ್ಪಲಾರ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಬೀದರಿನ ಜಿಲ್ಲಾ ರಂಗಮಂದಿರಕ್ಕೆ ಅವರದೇ ಹೆಸರು. ಅವರ ಬೋರ್ಡಿಗೂ ಪಾಠಕ್ಕೂ ತಾಳೆ ಇರಲಿಲ್ಲ. ಆದರೂ ಅವರನ್ನು ಯಾರೂ ಕಪಟಿ ಅನ್ನೋದಿಲ್ಲ. ಯಾಕೆ?

ಬಹಳ ಯೋಚನೆ ಮಾಡಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಒಳಗೂ ಹೊರಗೂ ನಡುವಿನ ಅಂತರ ತಪ್ಪಲ್ಲ. ಆ ಅಂತರದ ಬೆಲೆ ಯಾರು ತೆರುತ್ತಾರೆ ಅನ್ನುವುದು ಮುಖ್ಯ. ಪಟ್ಟದ್ದೇವರ ಬೋರ್ಡು ಬಯಲಾಗಿದ್ದರೆ ಮೊದಲ ಪೆಟ್ಟು ಅವರಿಗೇ ಬೀಳುತ್ತಿತ್ತು. ಲಾಭ ಮಾತ್ರ ಮಕ್ಕಳಿಗೆ. ನನ್ನ ಬೋರ್ಡಿನ ಲೆಕ್ಕ ಉಲ್ಟಾ. ಶಾಲು ನನಗೆ, ಎಮ್ಮೆ ಹೋದದ್ದು ಅವರದು.

ಹಾಗಾದರೆ ಬರೆಯುವುದನ್ನೇ ಬಿಡಬೇಕಿತ್ತೇ? ಆ ಲೇಖನ ಅಳಿಸಿಬಿಡಲಿಕ್ಕೆ ಒಂದು ರಾತ್ರಿ ಕೂತಿದ್ದೆ. ಬೆರಳು ಒತ್ತಿದರೆ ಮುಗೀತು. ಆದರೆ ಹುಡುಗನ ಎಂಟು ತಿಂಗಳು ಅಳಿಸಲಿಕ್ಕೆ ಬರೋದಿಲ್ಲ, ನನ್ನ ತಪ್ಪು ಮಾತ್ರ ಅಳಿಸಿಕೊಂಡರೆ ಅದು ಇನ್ನೊಂದು ಕಪಟ ಅನ್ನಿಸಿತು.

ದಾರಿ ಸಿಕ್ಕದ್ದು ನಮ್ಮ ಜಿಲ್ಲೆಯ ಕಲ್ಯಾಣದ ನೆನಪಿನಲ್ಲಿ. 12ನೇ ಶತಮಾನದ ಶರಣರ ಹೆಸರು ಒಮ್ಮೆ ಹೇಳಿಕೊಂಡು ನೋಡಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ಹೆಸರಿಗಿಂತ ಮೊದಲು ಕಾಯಕ. ಬದುಕಿನ ಬಗ್ಗೆ ಅವರೂ ಮಾತಾಡಿದರು, ನಮಗಿಂತ ಕಟುವಾಗಿಯೇ ಮಾತಾಡಿದರು. ಆದರೆ ಕೇಳುವವನಿಗೆ ಮೊದಲೇ ಗೊತ್ತಿರುತ್ತಿತ್ತು: ಇವನು ದೋಣಿ ನಡೆಸುವವನು, ಇವನು ಬಟ್ಟೆ ಒಗೆಯುವವನು, ಇವನು ಹಗ್ಗ ಹೊಸೆಯುವವನು. ಮಾತು ಯಾವ ಕಟ್ಟೆಯಿಂದ ಬರ್ತದೆ ಅಂತ ಗೊತ್ತಿದ್ದರೆ ಅದನ್ನು ಎಷ್ಟು ತೂಗಬೇಕು ಅನ್ನುವುದೂ ಗೊತ್ತಾಗ್ತದೆ. ನನಗೆ ನೌಕರಿ ಇದ್ದದ್ದು ತಪ್ಪಾಗಿರಲಿಲ್ಲ. ಅದನ್ನು ಮುಚ್ಚಿಟ್ಟು ಮಾತಾಡಿದ್ದು ತಪ್ಪು.

ಆ ಲೇಖನ ಇನ್ನೂ ಇದೆ. ಅದರ ನೆತ್ತಿಯ ಮೇಲೆ ಒಂದು ಸಾಲು ಸೇರಿಸಿದೆ: "ಇದನ್ನು ಬರೆದವನು ತಿಂಗಳ ಪಗಾರದ ಮೇಷ್ಟ್ರು, ನೌಕರಿ ಬಿಟ್ಟವನಲ್ಲ." ಓದುಗರು ಕಡಿಮೆಯಾದರು. ಭಾಷಣದ ಕರೆಗಳೂ ಕಡಿಮೆಯಾದವು. ಇದರಿಂದ ದೊಡ್ಡ ತ್ಯಾಗ ಮಾಡಿದೆ ಅಂತ ಹೇಳಲಾರೆ, ಪಗಾರ ಬರ್ತಾನೇ ಇದೆ.

ಒಂದು ಭಾನುವಾರ ಔರಾದಿಗೆ ಹೋಗಿ ಹುಡುಗನನ್ನು ಕಂಡೆ. ಅಲ್ಲಿಯೇ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ. ಕ್ಯಾಮೆರಾ ಮಾರಿರಲಿಲ್ಲ. ರಾತ್ರಿ ಒಂದೆರಡು ತಾಸು ವಿಡಿಯೋ ಮಾಡ್ತಾನಂತೆ. ನಾನು ನೌಕರಿ ಬಿಟ್ಟಿರಲಿಲ್ಲ, ತಪ್ಪಾಯಿತು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ನೀವು ಬರೆದದ್ದು ಸುಳ್ಳಲ್ರೀ ಸರ್. ಪೂರಾ ಇರಲಿಲ್ಲ, ಅಷ್ಟೇ. ಮದಲೇ ಗೊತ್ತಿದ್ರ ನಾನೂ ನಿಮ್ಮಂಗ ಸಂಜೀಕ ಮಾಡ್ತಿದ್ದ."

ಅವನ ಅಪ್ಪ ಮನೆಗೆ ಕರೆದರು. ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಎಮ್ಮೆ ಕಟ್ಟುತ್ತಿದ್ದ ಗೂಟ ಅಂಗಳದಲ್ಲಿ ಹಾಗೇ ಇತ್ತು. ಅದರ ಮಾತು ಯಾರೂ ಎತ್ತಲಿಲ್ಲ. ನಾನು ಎತ್ತಬೇಕಿತ್ತು. ಅದೂ ಒಂದು ಬಾಕಿ ಇದೆ, ಇಲ್ಲಿ ಬರೆದಿಡ್ತೀನಿ.